ನೆರಿಯಾಗ ಬಂದ ಚಾಪುಡಿ ಗಾಡಿ

ಜರಾ ತಡೀರಿ. ಚಾ ಗೀ ಕುಡಿಯೋದಿದ್ರ ಕುಡದ ಬಂದ ಕುಂದ್ರಿ, ಯಾಕಂದ್ರ ಈ ಸುದ್ದಿ ನಡುವ ಬಿಟ್ಟು ಎದ್ದು ಹೋಗೂವಂಥಾದ್ದಲ್ಲ. ಅರ್ಧಾ ಕೇಳಿದ್ರ ನಾ ಒಬ್ಬಾಂವ ಹುಚ್ಚ ಅನಸ್ತೈತಿ. ಕಡೀತನಕ ಕೇಳಿದ್ರ ನಮ್ಮ ಮನಿಮಂದಿ ಎಲ್ಲಾರೂ ಹಂಗ ಅದಾರ ಅನ್ನೋದು ಗೊತ್ತಾಗ್ತೈತಿ. ಅದಕ್ಕ ಕಡೀತನಕ ಕೇಳ್ರಿ, ನನ್ನ ಮರ್ಯಾದಿ ಪ್ರಶ್ನೆ ಐತಿ.

ಸಣ್ಣಾಂವ ಇದ್ದಾಗಿಂದ ನನಗ ಜಾಹೀರಾತು ಅಂದ್ರ ಜೀವ. ಉಳದ ಹುಡುಗೂರು ಟಿವಿಯಾಗ ಜಾಹೀರಾತು ಬಂದ ಕೂಡ್ಲೆ ಎದ್ದು ಹೊರಗ ಹೋಗವರು. ನಾ ಜಾಹೀರಾತು ಮುಗದು ಪಿಚ್ಚರ್ ಚಾಲೂ ಆದಮ್ಯಾಲ ಹೋಗಾಂವ. ಬಿಸ್ಕೀಟ್ ಪಾಕೀಟು, ಸಾಬಾನದ ಡಬ್ಬಿ, ಗೊಬ್ಬರದ ಚೀಲ, ಏನ್ ಕೈಗೆ ಸಿಕ್ರೂ ಅದರ ಮ್ಯಾಲಿನ ಅಕ್ಷರಾ ಓದಿ ಬಾಯಿಪಾಠ ಮಾಡ್ತಿದ್ದೆ. ದೊಡ್ಡಾಂವ ಆದಮ್ಯಾಲ ರಾಣೆಬೆನ್ನೂರಾಗ ಒಂದು ಫ್ಲೆಕ್ಸ್ ಬ್ಯಾನರ್ ಅಂಗಡಿ ಸೇರಿದೆ. ಯಾರೂ ಕಲಿಸಿಲ್ಲ ನೋಡ್ರಿ. ಮಾಲಕರು ಊಟಕ್ಕ ಹೋದಾಗ ಕಂಪ್ಯೂಟರ್ ಮುಂದ ಕುಂತು ಅದನ್ನ ಒತ್ತಿ ಇದನ್ನ ಒತ್ತಿ ಕಲತದ್ದು. ಬ್ಯಾಡಗಿಯಿಂದ ದಿನಾ ಮುಂಜಾನೆ ರೈಲಿಗೆ ಹೋಗಾಂವ, ಸಂಜಿಕೆ ವಾಪಸ್ ಬರಾಂವ. ರಾಣೆಬೆನ್ನೂರಾಗ ಬೀಜದ ಕಂಪನಿಗಳು ಭಾಳ. ಅವರು ಬಂದು, ‘ಹತ್ತಿಕಾಯಿ ಇನ್ನಷ್ಟ ದೊಡ್ಡದು ಮಾಡಪಾ’ ಅನ್ನವರು. ನಾ ಖುಷಿಲೇ ತೆಂಗಿನಕಾಯಿಯಷ್ಟ ಮಾಡಿ ಕೊಡ್ತಿದ್ದೆ. ಅದನ್ನ ನೋಡಿದ ರೈತರು, ‘ಇದನ್ನ ಬಿಡಿಸಾಕ ಏಣಿ ಬೇಕೇನೋ ತಮ್ಮಾ’ ಅಂತ ಕೇಳವರು. ನನಗ ಅದೂ ಖುಷಿನ. ಓದ್ಯಾರ ಅಂದಂಗಾತಲ್ಲ.

ನಮ್ಮ ಮನ್ಯಾಗ ಮಾತ್ರ ನನ್ನ ಈ ಹುಚ್ಚಿಗೆ ಒಬ್ಬಾಕಿ ಕಾಯಂ ಎದುರಾಳಿ ಇದ್ಳು. ನಮ್ಮ ಚಿಗವ್ವ. ಅಂದ್ರ ನಮ್ಮವ್ವನ ತಂಗಿ, ನಮ್ಮ ಕೂಡನ ಇರಾಕಿ. ಬ್ಯಾಡಗಿ ಅಂದಮ್ಯಾಲ ಮೆಣಸಿನಕಾಯಿ ಇರಬೇಕಲ್ಲ. ಅಕಿ ಕೆಲಸಾನೂ ಅದ. ಕಾಯಿ ತುಂಬು ಬಿಡಿಸೋದು, ಅಂದ್ರ ಒಣಾ ಕಾಯಿಂದ ತೊಟ್ಟು ಕಿತ್ತು ಬ್ಯಾರೆ ಮಾಡೋದು. ದೊಡ್ಡ ಅಂಗಳದಾಗ ಹೆಣಮಕ್ಕಳು ಸಾಲಾಗಿ ಕುಂತು ಬಿಡಸ್ತಾರ, ಸೀನ್ತಾರ, ನಗ್ತಾರ, ಮತ್ತ ಸೀನ್ತಾರ. ಅವರಿಗೆಲ್ಲಾ ಚಿಗವ್ವ ಲೀಡರ್.

ಈ ಕಾಯಿ ವ್ಯವಹಾರದಾಗ ಮೋಸ ಎರಡು ನಮೂನಿ ಐತ್ರಿ. ಒಂದು, ಚೀಲದ ಬಾಯಾಗ ಕೆಂಪಗ ಮಿಂಚೋ ಕಾಯಿ ಇಟ್ಟು ತಳದಾಗ ಬಣ್ಣ ಹೋದದ್ದು ತುಂಬೋದು. ಇನ್ನೊಂದು, ಕಾಯಿಗೆ ನೀರ ಹೊಡಿಯೋದು. ನೀರು ಕುಡದ ಕಾಯಿ ತೂಕ ಬರ್ತೈತಿ. ಹಿಂಗಾಗಿ ನಮ್ಮೂರಾಗ ಯಾರೂ ಚೀಲದ ಬಾಯಿ ನೋಡಂಗಿಲ್ಲ. ಮೊಣಕೈತನಕ ಕೈ ಇಳಿಬಿಟ್ಟು ತಳದಾಗಿಂದ ಒಂದು ಮುಷ್ಟಿ ತಗದು, ಹಿಚುಕಿ, ಮೂಸಿ, ಕಿವಿ ಕಡೆ ಅಲ್ಲಾಡ್ಸಿ ನೋಡ್ತಾರ, ಒಣಾ ಇದ್ರ ಒಳಗಿನ ಬೀಜ ಸಪ್ಪಳಾ ಮಾಡ್ತಾವ. ಚಿಗವ್ವಗ ಈ ಚಟ ಹೆಂಗ ಹತ್ತಿತ್ತಂದ್ರ, ಕಿರಾಣಿ ಅಂಗಡ್ಯಾಗ ಅಕ್ಕಿ ಚೀಲಕ್ಕೂ ಹಂಗ, ಸಂತ್ಯಾಗ ಬದನಿಕಾಯಿ ಬುಟ್ಟಿಗೂ ಹಂಗ, ಮದುವಿಮನ್ಯಾಗ ಬುಂದೆ ಪಾತೇಲಿಗೂ ಹಂಗ. ನಾ ಸಾಲಿಗೆ ಹೋಗೋವಾಗ ನನ್ನ ಪಾಟೀಚೀಲಾನೂ ಬಿಟ್ಟಾಕಿ ಅಲ್ಲ.

ಒಂದ್ಸಲ ಒಂದು ಸಾಬಾನದ ಕಂಪನಿ, ‘ನೀವು ಕೊಳ್ಳುವ ಪ್ರತಿ ಸಾಬೂನಿನಿಂದ ಒಬ್ಬ ಬಾಲಕಿ ಶಾಲೆಗೆ’ ಅಂತ ಡಬ್ಬಿಮ್ಯಾಲ ಅಚ್ಚ ಹಾಕಿತ್ತು. ನನಗ ಓದಿ ಎದಿ ತುಂಬಿ ಬಂತು. ಕುಣಕೋಂತ ತಂದು ಕೊಟ್ಟೆ. ಚಿಗವ್ವ ಡಬ್ಬಿ ತಿರುವ್ಯಾಡಿ ನೋಡಿ, ‘ಯಾ ಹುಡಿಗಿ?’ ಅಂದ್ಳು.

‘ಯಾವಾಕ್ಯರ ಒಬ್ಬಾಕಿ ಇರ್ತಾಳ, ಚಿಗವ್ವ.’

‘ಯಾವಾಕ್ಯರ ಅಂದ್ರ ಹೆಂಗ? ನನ್ನ ಸಾಬಾನದ ಮ್ಯಾಲ ಸಾಲಿಗೆ ಹೋಗಾಕಿ. ನನಗ ಹೆಸರು ಗೊತ್ತಿರಬಾರದ?’

ಅವತ್ತಿಂದ ಅಕಿ ಬಚ್ಚಲದಿಂದ ಹೊರಗ ಬಂದಾಗೊಮ್ಮೆ ತಲಿ ಒರಸ್ಕೋಂತ ನನ್ನ ಕೇಳಾಕಿ, ‘ಸಾಬಾನ ಅರ್ಧಾ ಕರಗೇತಿ. ನನ್ನ ಹುಡಿಗಿ ಈಗ ಎಷ್ಟನೇ ಕ್ಲಾಸಿನ್ಯಾಗ ಐತಿ?’ ಸಾಬಾನ ಸವದು ಎಲಿ ಆದ ದಿನ, ‘ಮೆಟ್ರಿಕ್ ಮುಗೀತು ಕಾಣತೈತಿ. ಮದುವಿಗೆ ಕರೀತಾಳೋ ಇಲ್ಲೋ’ ಅಂತ ಉಸಿರು ಬಿಟ್ಳು. ನಮ್ಮವ್ವ ನಕ್ಕು ನಕ್ಕು ಒಲಿ ಮುಂದಿಂದ ಎದ್ದು ಹೋದ್ಳು.

ಇಂಥಾ ಚಿಗವ್ವ, ಅಂಥಾ ನಾನು. ಹಿಂಗಿದ್ದಾಗ ಆ ವರ್ಷದ ಮಳಿ ಬಂತು.

ದಸರಾ ಹಿಂದ ಮುಂದ ಅದು. ಮಳಿ ನಿಲ್ಲಲಿಲ್ಲ. ವರದಾ ನದಿ ದಂಡಿ ಬಿಟ್ಟು ಊರೊಳಗ ಬಂತು. ನಮ್ಮ ಆಯಿ, ಅಂದ್ರ ಅವ್ವಗ ಮತ್ತ ಚಿಗವ್ವಗ ತಾಯಿ, ಗಳಗನಾಥದ ಕಡೆ ನದಿ ದಂಡಿಮ್ಯಾಲಿನ ಒಂದು ಊರಾಗ ಒಬ್ಬಾಕಿನ ಇರ್ತಿದ್ಳು. ಒಬ್ಬಾಕಿ ಅಂದ್ರ ಅಕಿಗೆ ಸಿಟ್ಟು ಬರ್ತಿತ್ತು, ‘ಎಮ್ಮಿ ಐತಲ್ಲ’ ಅನ್ನಾಕಿ. ಆ ಊರಿನ ಒಬ್ಬಾಂವ ಎಲ್ಲೋ ಮೊಬೈಲ್ ಹಚ್ಚಿ ಸುದ್ದಿ ಹೇಳಿದ. ಊರವರನ್ನೆಲ್ಲಾ ದಿಬ್ಬದ ಮ್ಯಾಲಿನ ಸಾಲ್ಯಾಗ ಇಟ್ಟಾರ. ಆಯಿ ಆರಾಮದಾಳ, ಎಮ್ಮಿನೂ ಆರಾಮೈತಿ, ಸಾಲಿ ಪಡಸಾಲ್ಯಾಗ ಕಟ್ಟ್ಯಾರ. ಊಟಕ್ಕ ಅನ್ನ ಸಾರು ಯಾರೋ ಕೊಡಾಕತ್ತ್ಯಾರ. ‘ಆದ್ರ ಅಕ್ಕಾರ, ನಿಮ್ಮವ್ವ ನೀರು ಬಂದಾಗಿಂದ ಬೆನ್ನು ನೆಲಕ್ಕ ಹಚ್ಚಿಲ್ರಿ. ಸಾಲಿ ನೆಲಾ ಪೂರಾ ತೊಯ್ದೈತಿ. ಬೆಂಚಿನ ಮ್ಯಾಲ ಕುಂತ ಬಿಟ್ಟಾಳ. ಹಿಂಗ ಆದ್ರ ಮುದುಕಿ ಬಿದ್ದು ಗಿದ್ದು ಹೋಗ್ತಾಳ್ರಿ’ ಅಂದ. ಅಷ್ಟ ಹೇಳೋದ್ರಾಗ ಮೊಬೈಲ್ ಆಫ್ ಆತು.

‘ಇಲ್ಲಿಗೆ ಕರಕೊಂಡ ಬರೋಣು’ ಅಂದೆ ನಾ.

‘ಎಮ್ಮಿ ಬಿಟ್ಟು ಬರ್ತಾಳೇನು ಅಕಿ?’ ಅಂದ್ಳು ಚಿಗವ್ವ. ‘ನಾನ ಹೋಗ್ತೇನಿ. ಅಕಿ ಬೆನ್ನು ನೆಲಕ್ಕ ಹಚ್ಚಿಸೇ ಬರ್ತೇನಿ.’

ಹೋಗೋದು ಹೆಂಗ? ಬಸ್ಸು ಹಾವೇರಿತನಕ ಅಷ್ಟ. ಅಲ್ಲಿಂದ ಮುಂದ ಪೊಲೀಸರು ಪರಿಹಾರದ ಗಾಡಿ ಬಿಟ್ಟು ಬ್ಯಾರೆ ಯಾವ್ದೂ ಬಿಡವಲ್ರು. ಚಿಗವ್ವ ಹಳೇ ಸೀರಿ ಸೇರಿಸಿ ಹೊಲದ ಒಂದು ದಪ್ಪ ಕೌದಿ ಮಡಚಿ ಬಾಗಲದಾಗ ಇಟ್ಟುಕೊಂಡು ಕುಂತ್ಳು. ಕುಂತಲ್ಲೆ ಓಣಿ ಹೆಣಮಕ್ಕಳನ್ನೆಲ್ಲಾ ಕರದ್ಳು. ನಮ್ಮ ಕಡೆ ಇಂಥಾ ಹೊತ್ತಿನ್ಯಾಗ ಯಾರೂ ಹೇಳಿಸ್ಕೊಳ್ಳಂಗಿಲ್ಲ, ಮನಿ ಮನಿಯಿಂದ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಅಂದ್ರ ಚಟ್ನಿಪುಡಿ ಬರ್ತಾವ. ಧೋತರ ಹಾಸಿದ ಚೀಲದಾಗ ಎಲ್ಲಾರ ರೊಟ್ಟಿನೂ ಕೂಡಿಬಿಡತೈತಿ. ಯಾರ್ದು ಯಾವ್ದು ಅಂತ ಯಾರೂ ಬರಿಯಂಗಿಲ್ಲ. ಚಿಗವ್ವಗ ಮಾತ್ರ ನೋಡಿದ ಕೂಡ್ಲೆ ಗೊತ್ತಾಗೋದು. ‘ಇದು ಮೂಲಿಮನಿಯಾಕಿದು, ದಂಡಿ ಸುಟ್ಟೈತಿ. ಇದು ಹೊಸಾ ಸೊಸಿದು, ನಕಾಶಿ ತಗದಂಗೈತಿ’ ಅಂತ ಒಂದೊಂದಕ್ಕ ಒಂದೊಂದು ಮಾತು ಹಚ್ಚಿ ತುಂಬತಿದ್ಳು.

ಇತ್ಲಾಕಡೆ ಪೇಪರಿನ್ಯಾಗ ಮಳಿನೀರಿಗಿಂತ ಜಾಸ್ತಿ ಜಾಹೀರಾತು ಹರಿಯಾಕತ್ತಿದ್ವು. ಸಿಮೆಂಟಿನವರು, ಬಣ್ಣದವರು, ಬಂಗಾರದ ಅಂಗಡಿಯವರು, ಎಲ್ಲಾರೂ ‘ಸಂತ್ರಸ್ತರೊಂದಿಗೆ ನಾವಿದ್ದೇವೆ’ ಅಂತ ಅರ್ಧ ಪುಟ, ಪೂರ್ತಿ ಪುಟ. ನಾ ಚಿಗವ್ವಗ ಒಂದೊಂದ ಓದಿ ಹೇಳಿದೆ, ನೋಡು ಜಗತ್ತು ಎಷ್ಟ ಛಲೋ ಐತಿ ಅಂತ. ಅಕಿ ಕೌದಿ ಗಂಟು ಬಿಗದು ಕಟ್ಟಿಕೋಂತ, ‘ಇಷ್ಟ ಮಂದಿ ಜೊತಿಗೆ ಅದಾರಂದ್ರ ಸಾಲ್ಯಾಗ ಕುಂದ್ರಾಕ ಜಾಗಾ ಉಳದಿಲ್ಲ ಹಂಗಾದ್ರ. ಅದಕ್ಕ ನಮ್ಮವ್ವ ಬೆಂಚಿನ ಮ್ಯಾಲ ಕುಂತಾಳ’ ಅಂದ್ಳು.

ಮರದಿನ ನಮ್ಮ ಅಂಗಡಿಗೆ ಒಂದು ಚಾಪುಡಿ ಕಂಪನಿ ಏರಿಯಾ ಮ್ಯಾನೇಜರ್ ಬಂದ. ನನ್ನ ವಾರಿಗ್ಯಾಂವನ, ನನ್ನಷ್ಟ ವಯಸ್ಸು, ಬೆಂಗಳೂರ ಕಡ್ಯಾಂವ. ಬೂಟು, ಟೈ, ಮುಂಜಾನೆನ ಬೆವರು. ಒಂದು ಲಾರಿ ತುಂಬ ಪರಿಹಾರದ ಸಾಮಾನು ಕಳಿಸಾಕತ್ತ್ಯಾರ, ಅದಕ್ಕ ಬ್ಯಾನರ್ ಬೇಕು. ಲಾರಿ ಒಂದು ಮಗ್ಗಲು ಪೂರಾ ಮುಚ್ಚಬೇಕು, ಅಷ್ಟ ದೊಡ್ಡದು. ನನಗ ಹುಚ್ಚ ಹಿಡದದ್ದೊಂದು ಬಾಕಿ. ಅಷ್ಟ ದೊಡ್ಡ ಬ್ಯಾನರ್ ನಾ ಅಲ್ಲೀತನಕ ಮಾಡೇ ಇರಲಿಲ್ಲ. ಚಾ ಕಪ್ಪು ಹಿಡಕೊಂಡು ನಗೋ ಒಬ್ಬ ಬೆಳ್ಳನ ಹೆಣಮಗಳ ಫೋಟೋ ಅವರ ಕಡೇನ ಇತ್ತು. ಘೋಷವಾಕ್ಯ ನನಗ ಬಿಟ್ರು. ನಾ ಕಣ್ಣು ಮುಚ್ಚಿ, ಕಣ್ಣು ತಗದು, ‘ನೆರೆಯಲ್ಲೂ ನಿಮ್ಮ ಜೊತೆ, ನಮ್ಮ ಬಿಸಿ ಬಿಸಿ ಪ್ರೀತಿ’ ಅಂತ ಬರದೆ. ಮೈಮ್ಯಾಲ ಮುಳ್ಳು ಎದ್ವು. ಖರೇ ಹೇಳ್ತೇನಿ, ಯಾರೋ ಬರದದ್ದನ್ನ ನಾ ಓದಾಕತ್ತೇನಿ ಅನಸ್ತು.

‘ಪ್ರೀತಿ ಸ್ವಲ್ಪ ಚಿಕ್ಕದು ಮಾಡಿ, ಲೋಗೋ ದೊಡ್ಡದಾಗಲಿ’ ಅಂದ ಮ್ಯಾನೇಜರ್. ಮಾಡಿದೆ.

‘ನೆರೆ ಇನ್ನೂ ಚಿಕ್ಕದು ಮಾಡಿ.’ ಅದನ್ನೂ ಮಾಡಿದೆ. ಆ ಹೊತ್ತಿನ್ಯಾಗ ನೆರಿನ ಅಷ್ಟ ಲಗೂ ಸಣ್ಣದು ಮಾಡಾಂವ ನಾ ಒಬ್ಬನ ಇದ್ದೆ.

ಆಮ್ಯಾಲ ಅಂವ ಕುರ್ಚಿಮ್ಯಾಲ ಕುಂತು ತಲಿ ಹಿಡಕೊಂಡ. ಸಂಜಿಯೊಳಗ ಹೆಡ್ಡಾಫೀಸಿಗೆ ಫೋಟೋ ಕಳಿಸಬೇಕಂತ. ನದಿ ದಂಡಿಗೆ ಹೋಗಿ ಬರೋದ್ರಾಗ ಕತ್ತಲಾಗತೈತಿ. ದಾರ್ಯಾಗ ಎಲ್ಲೆರ ನಾಕು ಹೆಣಮಕ್ಕಳು ಸಿಕ್ರ ಅಲ್ಲೆ ಸಾಮಾನು ಕೊಟ್ಟಂಗ ಮಾಡಿ ತಗದು ಬಿಡಬಹುದಿತ್ತು ಅಂದ. ನನ್ನ ತಲ್ಯಾಗ ಚಕ್ಕನ ದೀಪ ಹತ್ತಿತು. ‘ಬ್ಯಾಡಗಿಯಾಗ ನಮ್ಮ ಚಿಗವ್ವ ಅದಾಳ್ರಿ. ಬೇಕಾದಷ್ಟು ಹೆಣಮಕ್ಕಳು ಅದಾರ. ಆದ್ರ ಅಕೀನ ಮತ್ತ ಅಕಿ ರೊಟ್ಟಿ ಚೀಲಾ ಲಾರ್ಯಾಗ ಕರಕೊಂಡು ಹೋಗಬೇಕು’ ಅಂದೆ. ಒಪ್ಪಿಕೊಂಡ. ಜೊತಿಗೆ ರಾಣೆಬೆನ್ನೂರಿನ ಒಬ್ಬ ಫೋಟೋಗ್ರಾಫರ್‌ನ ಹತ್ತಿಸಿಕೊಂಡ್ವಿ. ಜನ್ಮಾನೆಲ್ಲಾ ಮದುವಿ ಫೋಟೋ ತಗದ ಮನಶಾ.

ತುಂಬು ಬಿಡಿಸೋ ಅಂಗಳದಾಗ ಲಾರಿ ಬಂದು ನಿಂತಾಗ ಹೆಣಮಕ್ಕಳು ಎದ್ದು ಸುತ್ತ ನಿಂತ್ರು. ಬ್ಯಾನರ್ ನೋಡಿ ಒಬ್ಬಾಕಿ, ‘ಈಕಿ ಯಾರ? ಇಷ್ಟ ಮಳ್ಯಾಗ ಇಷ್ಟ ನಗಾಕತ್ತಾಳ’ ಅಂದ್ಳು. ಚಿಗವ್ವ ಕೌದಿ ಗಂಟು ಹಿಡಕೊಂಡು ತಯಾರಾಗಿ ನಿಂತಿದ್ಳು. ನಾ ಕಿವ್ಯಾಗ, ‘ಒಂದು ಫೋಟೋ ಅಷ್ಟ ಚಿಗವ್ವ. ಅದು ಮುಗದ ಕೂಡ್ಲೆ ಗಾಡಿ ಬಿಡ್ತಾರ, ಆಯಿ ಕಡೆ ಹೋಗೋದ’ ಅಂದೆ. ಅಕಿ, ‘ಎಲ್ಲಿ ನಿಂದ್ರಬೇಕು ಹೇಳು’ ಅಂದ್ಳು. ಅವ್ವನ ಸಲುವಾಗಿ ಅಕಿ ಏನ್ ಬೇಕಾದ್ರೂ ಮಾಡಾಕಿ.

ಸಾಲಾಗಿ ನಿಂತ್ರು. ಮ್ಯಾನೇಜರ್ ಒಂದು ಚೀಲಾ ಹಿಡಕೊಂಡು ಕೊಟ್ಟಂಗ ಮಾಡಿದ. ಫೋಟೋಗ್ರಾಫರ್ ಕ್ಯಾಮರಾದಾಗ ನೋಡಿ, ‘ಸ್ಮೈಲ್ ಮಾಡ್ರಿ, ಎಲ್ಲಾರೂ ಸ್ಮೈಲ್’ ಅಂದ. ಪಾಪ, ರೂಢಿ. ಎಲ್ಲಾರೂ ಹಲ್ಲು ಕಿಸದ್ರು.

‘ರೀ, ನಗಬೇಡಿ. ಇವರು ಸಂತ್ರಸ್ತರು’ ಅಂದ ಮ್ಯಾನೇಜರ್.

‘ಅಂದ್ರ?’ ಅಂತ ಒಬ್ಬಾಕಿ ಕೇಳಿದ್ಳು.

‘ಮನಿ ಮುಳಗಿದವರು’ ಅಂತ ನಾ ಹೇಳಿದೆ.

‘ಅಯ್ಯ, ನಮ್ಮನಿ ಯಾಕ ಮುಳಗತೈತಿ? ನಿಂದ ಮುಳಗಲಿ’ ಅಂತ ಅಕಿ ನನಗ ಬೈದ್ಳು. ಉಳದವರು ಬಾಯಿಗೆ ಸೆರಗು ಹಚ್ಚಿಕೊಂಡ್ರು.

ಮ್ಯಾನೇಜರ್ ಅವರ ಕಡೆ ನೋಡಿದ. ಒಣಾ ಸೀರಿ, ಎಣ್ಣಿ ಹಚ್ಚಿದ ತಲಿ. ‘ತುಂಬಾ ಡ್ರೈ ಆಗಿ ಕಾಣ್ತಿದ್ದಾರೆ’ ಅಂದ. ಅಲ್ಲೆ ಒಂದು ಬಕೀಟಿನ್ಯಾಗ ನೀರಿತ್ತು. ಫೋಟೋಗ್ರಾಫರ್ ಒಂದು ತಂಬಿಗಿ ತುಂಬಿಕೊಂಡು ಬಂದು ಚಿಗವ್ವನ ಸೆರಗಿಗೆ, ಪಕ್ಕದಾಕಿ ತಲಿಗೆ, ಬೊಗಸ್ಯಾಗ ಹಿಡದು ಹಿಡದು ಸಿಂಪಡಸಾಕತ್ತಿದ.

ಹಿಂದಿನ ಸಾಲಿನ್ಯಾಗ ಒಬ್ಬಾಕಿ ಮೆಲ್ಲಕ ಅಂದ್ಳು, ‘ಏ ಅಕ್ಕಾ, ಕಾಯಿಗೆ ಹೊಡದಂಗ ನಮಗ ನೀರ ಹೊಡ್ಯಾಕತ್ತಾನಲ್ಲ.’

‘ತೂಕ ಬರಲಿ ಅಂತ’ ಅಂದ್ಳು ಇನ್ನೊಬ್ಬಾಕಿ.

ಮುಗೀತು. ಆ ಅಂಗಳದಾಗ ನಗಿ ಎದ್ದದ್ದು ಹೆಂಗಂದ್ರ, ಮೆಣಸಿನಕಾಯಿ ಘಾಟಿಗೂ ಅಷ್ಟ ಕಣ್ಣೀರು ಬಂದಿದ್ದಿಲ್ಲ. ಒಬ್ಬಾಕಿ ಬಗ್ಗಿ ಮತ್ತೊಬ್ಬಾಕಿ ಮುಂಗೈ ಹಿಚುಕಿ, ‘ಇದು ಹಸಿ ಐತಿ, ಈ ಮಾಲು ಬ್ಯಾಡ’ ಅಂದ್ಳು. ಮತ್ತೊಬ್ಬಾಕಿ ಅಕಿ ತಲಿ ಹಿಡದು ಕಿವಿ ಕಡೆ ಅಲ್ಲಾಡ್ಸಿ, ‘ಬೀಜ ಸಪ್ಪಳಾ ಬರವಲ್ವು’ ಅಂದ್ಳು. ಚಿಗವ್ವ ತುಟಿ ಕಚ್ಚಿ ನಿಂತಿದ್ಳು. ಅಕಿಗೆ ಗಾಡಿ ಬೇಕಾಗಿತ್ತು, ನಗಬಾರದಿತ್ತು. ಮಾರಿ ಕೆಂಪಗಾಗಿ, ಹೆಗಲು ನಡುಗಿ, ಕಡೀಕೆ ಮೂಗಿನ್ಯಾಗಿಂದ ಒಂದು ಸಪ್ಪಳಾ ಬಂತು ನೋಡ್ರಿ, ಅಕಿನೂ ನಕ್ಕು ಬಿಟ್ಳು.

ಫೋಟೋಗ್ರಾಫರ್ ತಗದ ಒಂದು ಫೋಟೋದಾಗೂ ಸಂತ್ರಸ್ತರು ಸಿಗಲಿಲ್ಲ. ಎಲ್ಲಾ ಮದುವಿ ಬೀಗತ್ಯಾರಂಗ ಇದ್ರು. ಮ್ಯಾನೇಜರ್ ಬೆವರು ಒರಸ್ಕೊಂಡ, ಗಡಿಯಾರ ನೋಡಿದ. ಲಾರಿ ಡ್ರೈವರ್, ನಮ್ಮ ಕಡ್ಯಾಂವನ, ‘ಸರ, ಇನ್ನ ತಡಾ ಮಾಡಿದ್ರ ಹಾವೇರಿ ದಾಟಿ ಬಿಡಂಗಿಲ್ಲ’ ಅಂತ ಹಾರ್ನ್ ಹೊಡದ.

ಅವಾಗ ಚಿಗವ್ವ ಕಣ್ಣು ಒರಸ್ಕೊಂಡು ಮುಂದ ಬಂದ್ಳು. ‘ತಮ್ಮಾ, ಕೇಳಿಲ್ಲೆ. ನಮಗ ನೀರ ಹೊಡದು ಯಾಕ ತ್ರಾಸ ತಗೊಂತಿ? ಅಲ್ಲೆ ನಮ್ಮವ್ವ ಖರೇನ ತೊಯ್ದು ಕುಂತಾಳ. ಗಾಡಿ ಹೊಂಡಸು. ಅಕೀನ ನಿಲ್ಲಿಸಿ ಎಷ್ಟ ಬೇಕಾದಷ್ಟ ಫೋಟೋ ತಗೀವಂತಿ, ನಾ ಹೇಳ್ತೇನಿ.’

‘ಅವರು ನಗಲ್ವಾ?’ ಅಂತ ಕೇಳಿದ ಪಾಪ ಮ್ಯಾನೇಜರ್.

‘ಅಕಿ ನಕ್ಕದ್ದನ್ನ ನಾನ ಭಾಳ ನೋಡಿಲ್ಲ’ ಅಂದ್ಳು ಚಿಗವ್ವ.

ಹತ್ತಿದ್ವಿ. ಚಿಗವ್ವ, ಕೌದಿ, ರೊಟ್ಟಿ ಚೀಲಾ, ನಾ. ಗಾಳಿಗೆ ಬ್ಯಾನರ್ ಹಾರಬಾರದಂತ ಒಂದು ದಂಡಿ ಹಿಡಕೊಂಡು ಕುಂದ್ರೋ ಕೆಲಸಾ ನಂದು. ಹೆದ್ದಾರಿಮ್ಯಾಲ ಎದುರಿಗೆ ಬರೋ ಬಸ್ಸಿನ ಮಂದಿ ಕಿಡಕ್ಯಾಗ ಕುತ್ತಿಗಿ ಹಾಕಿ ನನ್ನ ಅಕ್ಷರಾ ಓದಾಕತ್ತಿದ್ರ ನನಗ ಲಾರಿಮ್ಯಾಲ ಕುಣೀಬೇಕನಸ್ತಿತ್ತು. ಹಾವೇರ್ಯಾಗ ಪೊಲೀಸರು ಲಾರಿ ನಿಲ್ಲಿಸಿದಾಗ ಒಂದು ಚಾದಂಗಡಿ ಮುಂದ ನಿಂತವರು ಬ್ಯಾನರ್ ಜೋರಾಗಿ ಓದಿದ್ರು. ಒಬ್ಬ ಹಿರ್ಯಾ ಗ್ಲಾಸು ಕೆಳಗಿಟ್ಟು, ‘ಚಾಪುಡಿ ಬಂತಂತ್ರಪಾ ನದಿಗೆ’ ಅಂದ.

‘ನೀರಂತೂ ಭರಪೂರ ಐತಿ’ ಅಂದ ಮಗ್ಗಲದಾಂವ. ‘ಹಾಲು ಸಕ್ಕರಿ ಯಾವ ಕಂಪನಿದು?’

ನಾ ಲಾರಿಮ್ಯಾಲಿಂದ, ‘ಒಳಗ ಎಲ್ಲಾ ಐತ್ರಿ ಯಜಮಾನ್ರ’ ಅಂತ ಕೂಗಿದೆ. ಆದ್ರ ಒಳಗ ಏನೈತಿ ಅನ್ನೋದು ನನಗೂ ಗೊತ್ತಿರಲಿಲ್ಲ. ಚಿಗವ್ವ ನನ್ನ ಕಡೆ ನೋಡಿದ್ಳು. ಹಿಂದ ಹೋಗಿ ಒಂದು ಪರಿಹಾರದ ಚೀಲಕ್ಕ ಮೊಣಕೈತನಕ ಕೈ ಇಳಿಬಿಟ್ಳು. ಮ್ಯಾಲ ಬಿಸ್ಕೀಟ್ ಪಾಕೀಟು ಸಿಕ್ತು. ನಡುವ ಕಂಪನಿ ಗುರುತಿನ ಪ್ಲಾಸ್ಟಿಕ್ ಕಪ್ಪು ಸಿಕ್ತು. ತಳದಾಗ ಬರೇ ಚಾಪುಡಿ. ಕೈ ಹೊರಗ ತಗದು ಮೂಸಿ ನೋಡಿ, ‘ಪುಡಿ ಛಲೋ ಐತಿ. ಒಲಿ ಎಲ್ಲೈತಿ?’ ಅಂದ್ಳು.

ನಾ ಬ್ಯಾನರಿನ ದಂಡಿ ಗಟ್ಟಿ ಹಿಡಕೊಂಡೆ.

ಸಾಲಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಆಯಿ ಖರೇನ ಬೆಂಚಿನ ಮ್ಯಾಲ ಕುಂತಿದ್ಳು. ಕಾಲು ಬಾತಿದ್ವು, ಕಣ್ಣು ಕೆಂಪಗಿದ್ವು, ಬೆನ್ನು ಮಾತ್ರ ಮಾಸ್ತರರ ಮುಂದ ಕುಂತಂಗ ನೆಟ್ಟಗ. ಬಾಗಲದಾಗಿಂದ ಎಮ್ಮಿ ತಲಿ ಒಳಗ ಹಾಕಿ ಅಕೀನ ನೋಡಾಕತ್ತಿತ್ತು.

‘ಬಂದೇನು?’ ಅಂದ್ಳು ಆಯಿ.

‘ಬಂದೆ’ ಅಂದ್ಳು ಚಿಗವ್ವ.

‘ಇಷ್ಟ್ಯಾಕ ತಡಾ?’

‘ನೀರ ಹೊಡ್ಯಾಕತ್ತಿದ್ರು.’

ಚಿಗವ್ವ ಕೌದಿ ಗಂಟು ಬಿಚ್ಚಿದ್ಳು. ನೆಲಕ್ಕ ಹಾಸಾಕ ಬಗ್ಗಿದಾಕಿ ಅಂಗೈ ಹಚ್ಚಿ ನೋಡಿ ಹಂಗ ನಿಂತ್ಳು. ನೆಲದಾಗಿಂದ ಸಣ್ಣಗ ನೀರು ಜಿನುಗಾಕತ್ತಿತ್ತು. ಕೌದಿ ಹಾಸಿದ್ರ ಒಂದು ಗಳಿಗ್ಯಾಗ ನೀರು ಕುಡದು ಭಾರ ಆಗ್ತಿತ್ತು. ಇಷ್ಟ ದೂರ ಹೊತ್ತು ತಂದ ಕೌದಿ ಎದಿಗೆ ಅವಚಿಕೊಂಡು ಸುತ್ತ ನೋಡಿದ್ಳು, ಚಾಪಿ ಇಲ್ಲ, ತಾಡಪತ್ರಿ ಇಲ್ಲ. ನಗೋ ಚಿಗವ್ವನ ಮಾರಿ ಅವಾಗೊಮ್ಮೆ ಸಣ್ಣದಾತು. ನನಗ ಅದನ್ನ ನೋಡಾಕ ಆಗಲಿಲ್ಲ.

ಹೊರಗ ಮ್ಯಾನೇಜರ್ ಬ್ಯಾನರ್ ಬಿಚ್ಚಿಸಿ ಸಾಲಿ ಗ್ವಾಡಿಗೆ ಕಟ್ಟಿಸಾಕತ್ತಿದ್ದ. ಮಂದಿ ಪಾಳಿ ಹಚ್ಚಿ ಚೀಲಾ ತಗೊಂಡು, ಎಲ್ಲಾರೂ ಮೊದ್ಲು ಕೈ ತಳಕ್ಕ ಬಿಡಾಕತ್ತಿದ್ರು. ಬ್ಯಾಡಗಿ ತಾಲೂಕಿನ ಗಾಳಿ ಅಲ್ಲಿಗೂ ಬೀಸಿತ್ತು ಕಾಣತೈತಿ. ಮಳಿಹನಿ ಬ್ಯಾನರಿನ ಮ್ಯಾಲ ಬಿದ್ದು ಉಳ್ಳಿ ಉಳ್ಳಿ ಕೆಳಗ ಇಳ್ಯಾಕತ್ತಿದ್ವು. ಒಂದ್ ಹನಿನೂ ಒಳಗ ಹೋಗವಲ್ದು.

ಅದನ್ನ ನಾ ನೋಡಿದೆ. ಬಾಗಲದಾಗ ನಿಂತ ಚಿಗವ್ವನೂ ನೋಡಿದ್ಳು. ಇಬ್ರೂ ಒಬ್ಬರ ಮಾರಿ ಒಬ್ರು ನೋಡಿದ್ವಿ. ಅಷ್ಟು ವರ್ಷದಾಗ ಒಂದು ಜಾಹೀರಾತಿನ ಬಗ್ಗೆ ನಾವಿಬ್ರೂ ಒಮ್ಮತಕ್ಕ ಬಂದದ್ದು ಅದ ಮೊದಲು.

‘ತಮ್ಮಾ, ಅದನ್ನ ಇಳಸು’ ಅಂದ್ಳು ಚಿಗವ್ವ.

‘ಯಾವುದನ್ನ?’ ಅಂದ ಮ್ಯಾನೇಜರ್.

‘ನಗಾಕತ್ತಾಳಲ್ಲ, ಅಕೀನ.’

‘ಅಮ್ಮಾ, ಅದು ಕಂಪನಿ ಬ್ಯಾನರು. ಅದು ಕಾಣಲೇಬೇಕು.’

‘ಅದರಾಗ ಏನ್ ಬರದೈತಿ?’ ಅಂತ ಚಿಗವ್ವ ನನ್ನ ಕಡೆ ತಿರುಗಿದ್ಳು. ‘ಓದಲೇ.’

ನಾ ಬರದದ್ದನ್ನ ನಾನ ಓದಿದೆ, ‘ನೆರೆಯಲ್ಲೂ ನಿಮ್ಮ ಜೊತೆ.’ ಸಣ್ಣ ಅಕ್ಷರದ ‘ನೆರೆ’ನ ಜರಾ ದೊಡ್ಡ ದನಿಲೇ ಓದಿದೆ.

‘ಕೇಳಿದ್ಯಾ? ಜೊತಿಗೆ ಅಂದಮ್ಯಾಲ ಗ್ವಾಡಿಮ್ಯಾಲ ನೇತಾಡಿದ್ರ ಹೆಂಗ? ಕೆಳಗ ಬರಲಿ. ಫೋಟೋ ಕೊಡ್ತೇನಿ ಅಂದೇನಿ, ಕೊಡ್ತೇನಿ. ನಮ್ಮವ್ವ ಅಡ್ಡಾದಮ್ಯಾಲ ತಗೀವಂತಿ.’

ಮ್ಯಾನೇಜರ್ ಒಳಗ ಇಣಿಕಿ ಬೆಂಚಿನ ಮ್ಯಾಲಿನ ಆಯಿನ ನೋಡಿದ. ಆಯಿ ಅಂವನ ಬೂಟು ನೋಡಿ, ‘ಕಾಲು ತೊಯ್ದಾವಲ್ಲೋ ಯಪ್ಪಾ, ಬಿಚ್ಚಿಡ ಬಾರದ’ ಅಂದ್ಳು. ಅಂವ ಹೊರಗ ಹೋಗಿ ತಾನ ಒಂದು ಮೂಲಿ ಹಗ್ಗ ಬಿಚ್ಚಿದ. ಇನ್ನೊಂದು ಮೂಲಿ ಡ್ರೈವರ್, ಮತ್ತೊಂದು ನಾ, ಕಡೀದು ಕ್ಯಾಮರಾ ಕೊಳ್ಳಾಗ ಹಾಕಿಕೊಂಡ ಫೋಟೋಗ್ರಾಫರ್. ಅಕ್ಷತಾ ಹಾಕೋವಾಗ ಅಂತರಪಟ ಹಿಡದಂಗ ಹಿಡಕೊಂಡು ಒಳಗ ತಂದ್ವಿ.

ಹಾಸಿದ್ರ ಮತ್ತೊಂದು ತಕರಾರು. ಆಯಿ ಬೆಂಚಿನಿಂದ ಇಳದು ಬಗ್ಗಿ ನೋಡಿ, ‘ಈ ಹೆಣಮಗಳ ಮಾರಿಮ್ಯಾಲ ಹೆಂಗ ಮಲಗಲಿ? ಛಂದ ನಕ್ಕೋಂತ ಅದಾಳ’ ಅಂದು ಹಿಂದ ಸರದ್ಳು.

‘ಹಂಗಾದ್ರ ಬೋರಲು ಹಾಕ್ರಿ’ ಅಂದ ಡ್ರೈವರ್.

ತಿರುವಿ ಹಾಕಿದ್ವಿ. ಬ್ಯಾನರಿನ ಬೆಳ್ಳನ ಬೆನ್ನು ಮ್ಯಾಲ ಬಂತು. ಅದರ ಮ್ಯಾಲ ಕೌದಿ. ಆಯಿ ಕುಂತ್ಳು, ಮೆಲ್ಲಕ ಒಂದು ಕೈ ಊರಿದ್ಳು, ಮಗ್ಗಲಾದ್ಳು, ಆಮ್ಯಾಲ ಬೆನ್ನು ಹಚ್ಚಿದ್ಳು. ‘ಹಾ’ ಅಂತ ಒಂದು ಉಸಿರು ಬಿಟ್ಳು ನೋಡ್ರಿ, ಇಡೀ ಸಾಲಿ ಕೇಳಿಸ್ಕೊಂತು. ಚಿಗವ್ವ ತಲಿಕಡೆ ಕುಂತು ಹಿಂಡಿ ಹಚ್ಚಿದ ರೊಟ್ಟಿ ಸಾರಿನ್ಯಾಗ ನೆನಸಿ ತುತ್ತು ಕೊಡಾಕತ್ತಿದ್ಳು. ಆಯಿ ಮಲಗಿದಲ್ಲೆ ಅಗದು, ‘ದಂಡಿ ಸುಟ್ಟೈತಿ, ಯಾರ್ದ ಇದು?’ ಅಂದ್ಳು. ಎರಡನೇ ತುತ್ತು ಬಾಯಾಗ ಇದ್ದಂಗ ನಿದ್ದಿ ಹತ್ತಿತು. ಬ್ಯಾನರ್ ಲಾರಿ ಅಳತಿದಲ್ಲ, ಭಾಳ ಜಾಗಾ ಉಳದಿತ್ತು. ಒಬ್ಬೊಬ್ಬರ ಬಂದು ಅಡ್ಡಾಗಾಕತ್ತಿದ್ರು.

ಫೋಟೋಗ್ರಾಫರ್ ಮಾತಿಗೆ ತಪ್ಪಬಾರದಂತ ಒಂದು ಫೋಟೋ ತಗದ. ಛಲೋ ಬಂತು ಖರೇ. ಬಿಳೇದರ ಮ್ಯಾಲ ಬಣ್ಣ ಬಣ್ಣದ ಕೌದಿ, ಕೌದಿಮ್ಯಾಲ ಬಾಯಿ ತಗದು ಮಲಗಿದ ಆಯಿ, ಹಿಂದ ಎಮ್ಮಿ. ಮ್ಯಾನೇಜರ್ ಕ್ಯಾಮರಾ ಹಿಂದಿನ ಪರದೆದಾಗ ಭಾಳ ಹೊತ್ತು ನೋಡಿದ. ‘ಇದರಲ್ಲಿ ನಮ್ಮ ಕಂಪನಿ ಎಲ್ಲಿದೆ?’ ಅಂದ.

‘ಕೆಳಗೈತ್ರಿ ಸರ’ ಅಂದ ಡ್ರೈವರ್.

ಅವತ್ತು ಮೊದಲನೇ ಸಲ ಮ್ಯಾನೇಜರ್ ನಕ್ಕ. ಬೂಟು ಬಿಚ್ಚಿ, ಬೆಂಚಿನ ಮ್ಯಾಲ ಆಯಿ ಜಾಗಾದಾಗ ಕುಂತು, ಚಿಗವ್ವ ಕೊಟ್ಟ ರೊಟ್ಟಿ ತಿಂದ. ಹೆಡ್ಡಾಫೀಸಿನ ಫೋನು ಬರತಿತ್ತು. ಎತ್ತಲಿಲ್ಲ.

ಮುಂದ ಆ ಕಂಪನಿ ಚಾಪುಡಿ ಪಾಕೀಟಿನ ಮ್ಯಾಲ ‘ನೆರೆಯಲ್ಲೂ ನಿಮ್ಮ ಜೊತೆ’ ಅಂತ ನನ್ನ ಅಕ್ಷರಾನ ಅಚ್ಚ ಹಾಕ್ಕೊಂಡು ನಮ್ಮೂರ ಅಂಗಡಿಗೆ ಬಂತು. ಅಂಗಡಿಯಾಂವ, ‘ಅಕ್ಕಾರ, ಇದು ನೆರಿಯಾಗ ಸಹಾಯ ಮಾಡಿದ ಕಂಪನಿದು’ ಅಂತ ತೋರಿಸಿದ್ರ ಚಿಗವ್ವ, ‘ಗೊತ್ತೈತಿ ತಗೀ. ಇವರ ಪುಡಿ ನಾ ಕುಡದಿಲ್ಲ. ಬ್ಯಾನರ್ ಮಾತ್ರ ಗಟ್ಟಿ’ ಅಂದು ತಾನು ದಿನಾ ಒಯ್ಯೋ ಸುಟ್ಟಾ, ಅಂದ್ರ ಪಾಕೀಟಿಲ್ಲದ, ಚಾಪುಡಿನ ತಗೊಂಡ್ಳು. ಅವತ್ತಿಂದ ತುಂಬು ಬಿಡಿಸೋ ಅಂಗಳದಾಗ ಒಂದು ರೂಢಿ ಬಿತ್ತು. ಬರಗಾಲ ಬರಲಿ, ಜಡ್ಡು ಬರಲಿ, ಯಾವ ಕಂಪನಿ ‘ನಾವಿದ್ದೇವೆ’ ಅಂತ ಪೇಪರಿನ್ಯಾಗ ಹಾಕಿದ್ರೂ ಹೆಣಮಕ್ಕಳು ನನ್ನ ಕೇಳವರು, ‘ಬ್ಯಾನರ್ ಎಷ್ಟ ಉದ್ದ ಐತಂತ?’ ನಾ ಅಳತಿ ಹೇಳಾಂವ. ಅವರು ಅದರ ಮ್ಯಾಲ ಎಷ್ಟ ಮಂದಿ ಮಲಗಬಹುದು, ಎಷ್ಟ ಕಾಯಿ ಒಣಾ ಹಾಕಬಹುದು ಅಂತ ಹೇಳವರು. ಅಷ್ಟರ ಮ್ಯಾಲ ಕಂಪನಿ ಛಲೋದೋ ಅಲ್ಲೋ ಅಂತ ತೀರ್ಮಾನ.

ಆ ಮ್ಯಾನೇಜರ್ ಮತ್ತೊಮ್ಮೆ ನಮ್ಮ ಅಂಗಡಿಗೆ ಬಂದಿದ್ದ, ಸಾಲ್ಯಾಗ ಬಿಟ್ಟು ಬಂದ ಬ್ಯಾನರಿನ ಬದ್ಲಿ ಇನ್ನೊಂದು ಮಾಡಿಸಾಕ. ಲೋಗೋ ದೊಡ್ಡದಿರಲಿ ಅಂತ ಮಾಲಕರ ಮುಂದ ಹೇಳಿದ. ಹೊಂಡೋವಾಗ ನನ್ನ ಬಾಜೂಕ ಬಂದು ಮೆಲ್ಲಕ, ‘ದಪ್ಪ ಫ್ಲೆಕ್ಸಲ್ಲೇ ಮಾಡಿ. ಹಾಸಿದ್ರೂ ತಡೀಬೇಕು’ ಅಂದ.

ನಾ ಇವತ್ತಿಗೂ ಜಾಹೀರಾತು ಬಿಟ್ಟಿಲ್ಲ ಮತ್ತ. ಅದ ಹುಚ್ಚು, ಅದ ಬಾಯಿಪಾಠ. ಆದ್ರ ಒಂದು ಘೋಷವಾಕ್ಯ ಬರದು ಮೈಮ್ಯಾಲ ಮುಳ್ಳು ಎದ್ದ ಕೂಡ್ಲೆ ಕೈ ತಾನ ತಳಕ್ಕ ಹೋಗತೈತಿ. ಯಾರು ಮಲಗ್ತಾರ ಇದರ ಮ್ಯಾಲ ಅಂತ ಕೇಳ್ಕೊಂತೇನಿ.

ನಿಮ್ಮೂರಿಗೂ ನೆರಿಯಾಗೋ, ಬರದಾಗೋ ಇಂಥಾ ಒಂದು ಗಾಡಿ ಬಂದಿರಬೇಕಲ್ರಿ. ಅದರ ಮ್ಯಾಲ ಏನ್ ಬರದಿತ್ತು, ಚೀಲದ ತಳದಾಗ ಏನ್ ಸಿಕ್ತು, ಕಡೀಕೆ ಯಾವ್ದು ಉಪಯೋಗಕ್ಕ ಬಂತು, ನನಗ ಬರದು ತಿಳಸ್ರಿ. ಚಿಗವ್ವ ಮಗ್ಗಲದಾಗ ಕುಂತಾಳ, ಓದಿ ಹೇಳಬೇಕಂತ. ಸುಳ್ಳು ಬರದ್ರ ಮಾತ್ರ ಹಿಚುಕಿ ನೋಡಿದ ಕೂಡ್ಲೆ ಅಕಿಗೆ ಗೊತ್ತಾಗ್ತೈತಿ, ಅಷ್ಟ ನೋಡ್ಕೋರಿ.